ಪಿಕಪ್ ಶೀತಕದ ಉಷ್ಣಮೀಮಾಂಸೆ

ವಿಷಯ

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲೆ ಸಾಮ್ರಾಟ ಅಶೋಕನು ತಾಯಿತಂದೆಗಳ ಶುಶ್ರೂಷೆಯನ್ನೂ, ಪ್ರಾಣಿದಯೆಯನ್ನೂ, ಸತ್ಯವಚನವನ್ನೂ, ಶಿಷ್ಯನು ಆಚಾರ್ಯನಿಗೆ ಸಲ್ಲಿಸತಕ್ಕ ಗೌರವವನ್ನೂ ಕೆತ್ತಿಸಿರುವನಾದರೂ, 1892ರಲ್ಲಿ ಬಿ. ಎಲ್. ರೈಸ್ ಅವರು ಆ ಶಾಸನಗಳನ್ನು ಬೆಳಕಿಗೆ ತಂದಂದಿನಿಂದ ಈವರೆಗೆ ಯಾವ ಪಂಡಿತನೂ ಅವುಗಳಲ್ಲಿ ಪಿಕಪ್ ಗಾಡಿಯ ಕೂಲಂಟ್ ಎಷ್ಟು ಬಿಸಿಯಿರತಕ್ಕದ್ದೆಂಬ ವಿಧಿಯನ್ನು ಕಂಡವನಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅದೇ ಬ್ರಹ್ಮಗಿರಿಯ ಬುಡವನ್ನು ಅಗೆಸಿ, ಕಲ್ಲುಕೊಡಲಿಗಳಿಂದ ಹಿಡಿದು ಬೃಹತ್‌ಶಿಲಾ ಸಮಾಧಿಗಳವರೆಗೆ ಬಹಳಷ್ಟನ್ನು ಹೊರತೆಗೆದರು. ರೇಡಿಯೇಟರ್ ಮುಚ್ಚಳವೊಂದು ಮಾತ್ರ ಅವರಿಗೆ ದೊರೆಯಲಿಲ್ಲ. ಶಾಸನವೂ ಉತ್ಖನನವೂ ಏಕಕಾಲದಲ್ಲಿ ಮೌನ ತಾಳಿದ ಇಂತಹ ಗಹನ ವಿಷಯದಲ್ಲಿ ಲೇಖನಿಯನ್ನು ಎತ್ತುವುದು ಸಾಹಸವೆಂದು ಬಲ್ಲೆನಾದರೂ, ಮೌನವಿರುವಲ್ಲಿ ಮಾತನಾಡುವುದೇ ವಿದ್ವತ್ತಿನ ಲಕ್ಷಣವೆಂಬುದು ವಿದ್ವಾಂಸರನ್ನು ಬಲ್ಲವರಿಗೆಲ್ಲ ವಿದಿತವೇ ಇದೆ.

ಸಂಶಯ

ಚಳ್ಳಕೆರೆಯ ಸಂತೆಯಿಂದ ಕುರಿಗಳನ್ನೋ, ಮಂಡಿಯಿಂದ ಈರುಳ್ಳಿ ಚೀಲಗಳನ್ನೋ ತನ್ನ ಶಕ್ತಿಯನ್ನೂ ಕಾನೂನನ್ನೂ ಮೀರಿ ಹೇರಿಕೊಂಡು, ಏಪ್ರಿಲಿನ ನಡುಹಗಲಲ್ಲಿ ತಳಕು, ಹಿರೇಹಳ್ಳಿಗಳನ್ನು ಹಾದು ಮೊಳಕಾಲ್ಮೂರಿನತ್ತ ಹೊರಟ ಪಿಕಪ್ಪೊಂದರ ಮುಂಭಾಗವನ್ನು ಜಿಜ್ಞಾಸುಗಳು ಅವಲೋಕಿಸಬೇಕು. ದೇವರ ಪಟ, ಒಣಗಿದ ನಿಂಬೆಹಣ್ಣು, ಅವುಗಳ ಹಿಂದೆ ‘ಸಿ’ ಮತ್ತು ‘ಎಚ್’ ಎಂಬೆರಡು ಅಕ್ಷರಗಳ ನಡುವೆ ನಿಂತ ಒಂದು ಮುಳ್ಳು.

“ಅಣಾ, ಮುಳ್ಳು ಮೇಲಕ್ಕೆ ಹೊಂಟೈತೆ.”

“ಸುಮ್ನಿರಲೇ. ಈ ಬಿಸ್ಲಿಗೆ ಮನುಷ್ಯರೇ ಹೀಟಾಗ್ತಾರೆ, ಗಾಡಿ ಆಗಲ್ವಾ?”

ಕ್ಲೀನರನ ಈ ಮಾತಿನಲ್ಲಿಯೂ ಡ್ರೈವರನ ಈ ಉತ್ತರದಲ್ಲಿಯೂ ನಮ್ಮ ಸಮಸ್ತ ಸಂಶಯವು ಅಡಗಿದೆ: ಸಹಜವಾದ ಉಷ್ಣವೆಂದರೆ ಎಷ್ಟು?

ಪೂರ್ವಪಕ್ಷ

ಈ ವಿಷಯದಲ್ಲಿ ಮೂರು ಮತಗಳು ಪ್ರಚಲಿತವಾಗಿವೆ. ಮೊದಲನೆಯವರು ಸೂಚೀಪ್ರಾಮಾಣ್ಯವಾದಿಗಳು, ಮುಳ್ಳು ನಡುವೆ ಇದ್ದರೆ ಲೋಕ ಕ್ಷೇಮವೆಂಬುದು ಇವರ ನಂಬಿಕೆ. ಎರಡನೆಯವರು ಪ್ರತ್ಯಕ್ಷವಾದಿಗಳು, ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ಚುರುಕ್ ಎಂದ ಕೂಡಲೇ ಕೈ ಹಿಂತೆಗೆದು, ನಿರ್ಣಯವನ್ನು ಅಲ್ಲಿಯೇ ಘೋಷಿಸುವರು, ಆ ಬಿಸಿಯಲ್ಲಿ ಇಂಜಿನ್ನಿನ ಪಾಲೆಷ್ಟು, ಸೂರ್ಯನ ಪಾಲೆಷ್ಟು ಎಂಬ ವಿಭಾಗಕ್ಕೆ ಇವರು ಕೈಹಾಕರು. ಮೂರನೆಯವರೇ ಅತ್ಯಂತ ಪ್ರಬಲರಾದ ಉತ್ಪಾಟನವಾದಿಗಳು. “ಈ ಕಡೆ ಬಿಸ್ಲಿಗೆ ಥರ್ಮೋಸ್ಟಾಟ್ ಯಾಕ್ಬೇಕು, ಕಿತ್ತು ಬಿಸಾಕು” ಎಂಬುದೇ ಇವರ ಮಹಾವಾಕ್ಯ.

ಸಿದ್ಧಾಂತ

ಸೂಚೀವಾದವನ್ನು ಮೊದಲು ಪರೀಕ್ಷಿಸೋಣ. ಈಚಿನ ಅನೇಕ ವಾಹನಗಳಲ್ಲಿ ಕೂಲಂಟಿನ ಉಷ್ಣವು ಸುಮಾರು 80ರಿಂದ 105 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಳಿದರೂ ಮುಳ್ಳು ನಡುವಿನಿಂದ ಕದಲದಂತೆ, ಮಾಲೀಕನ ಮನಶ್ಶಾಂತಿಗಾಗಿಯೇ ಏರ್ಪಾಡು ಮಾಡಿರುತ್ತಾರೆ. ಆದುದರಿಂದ ಅದರ ಸ್ಥಿತಪ್ರಜ್ಞತೆ ಅಭ್ಯಾಸದಿಂದ ಬಂದುದಲ್ಲ, ಕಾರ್ಖಾನೆಯಿಂದ ಬಂದುದು. ಇನ್ನೂ ಘೋರವಾದುದೆಂದರೆ, ಪೈಪು ಒಡೆದು ನೀರೆಲ್ಲ ರಸ್ತೆಗೆ ಸುರಿದುಹೋದರೆ, ಸೆನ್ಸರಿಗೆ ಮುಟ್ಟಲು ದ್ರವವೇ ಉಳಿಯದೆ, ಇಂಜಿನ್ ಬೇಯುತ್ತಿರುವ ಹೊತ್ತಿನಲ್ಲಿಯೇ ಮುಳ್ಳು ತಣ್ಣಗೆ ‘ಸಿ’ಯತ್ತ ಇಳಿಯುವುದುಂಟು.

ಉತ್ಪಾಟನವಾದವು ಇದಕ್ಕಿಂತ ದುರ್ಬಲ. ಥರ್ಮೋಸ್ಟಾಟಿನೊಳಗಿರುವುದು ಬರಿಯ ಮೇಣ. ಸುಮಾರು 82 ಡಿಗ್ರಿಯಲ್ಲಿ ಅದು ಕರಗಿ ಹಿಗ್ಗತೊಡಗಿ ಕವಾಟವನ್ನು ತೆರೆಯುತ್ತದೆ, 95ರ ಸುಮಾರಿಗೆ ಪೂರ್ತಿ ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಅದನ್ನು ಕಿತ್ತ ಗಾಡಿಯು ಬೆಳಗಿನ ಜಾವದಲ್ಲಿ ಬೇಗನೆ ಕಾಯದೆ, ಆಯಿಲು ಗಟ್ಟಿಯಾಗಿಯೇ ಉಳಿದು, ಡೀಸೆಲ್ ಹೆಚ್ಚು ಕುಡಿದು, ಒಳಗೆ ಸವೆಯುತ್ತದೆ. ನಡುಹಗಲಿನ ಕಾವಿಗೆ ಕಾರಣವಾದರೋ ಬಹುಮಟ್ಟಿಗೆ ಬೇರೆಯೇ: ಶೇಂಗಾ ಹೊಟ್ಟೂ ಕೆಂಧೂಳೂ ಕಟ್ಟಿಕೊಂಡ ರೇಡಿಯೇಟರ್ ಜಾಲರಿ, ಸಡಿಲವಾದ ಬೆಲ್ಟು, ಹಾಗೂ ಕೂಲಂಟಿನ ಬದಲು ಸುರಿದ ಬೋರ್ ನೀರು. ಈ ಸೀಮೆಯ ಗಡಸು ನೀರು ಕಾದಾಗ ಅದರೊಳಗಿನ ಸುಣ್ಣದಂಶವು, ಸ್ನಾನದ ಹಂಡೆಗೆ ಕಟ್ಟುವಂತೆಯೇ, ಇಂಜಿನ್ನಿನ ನಾಳಗಳಿಗೂ ಬಿಳಿಯ ಪದರವಾಗಿ ಕಟ್ಟಿ, ಶಾಖವು ಹೊರಬೀಳುವ ದಾರಿಯನ್ನೇ ಮುಚ್ಚುತ್ತದೆ.

ಹಾಗಾದರೆ ಸಹಜ ಉಷ್ಣವೆಂದರೆ ಒಂದು ಬಿಂದುವಲ್ಲ, ಒಂದು ಸೀಮೆ. ಸಾಧಾರಣ ಓಟದಲ್ಲಿ 85ರಿಂದ 95. ಭಾರ ಹೊತ್ತು ದಿಣ್ಣೆಯೇರುವಾಗ, ಅಥವಾ ಫಾಲ್ಗುಣದಲ್ಲಿ ನಾಯಕನಹಟ್ಟಿಯ ಜಾತ್ರೆಗೆ ಹೋಗುವ ಗಾಡಿಗಳ ಸಾಲಿನಲ್ಲಿ ಗಾಳಿಯಿಲ್ಲದೆ ತೆವಳುವಾಗ 105ರವರೆಗೆ ಏರಿದರೂ ಅದು ರೋಗವಲ್ಲ. ಸಮುದ್ರಮಟ್ಟದಿಂದ ಸುಮಾರು 585 ಮೀಟರ್ ಎತ್ತರದ ಚಳ್ಳಕೆರೆಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಗೇ ಕುದಿಯುವುದಲ್ಲವೇ ಎಂದು ತಾರ್ಕಿಕರು ಆಕ್ಷೇಪಿಸಬಹುದು. ಸಮಾಧಾನವಿಷ್ಟೆ: ನೀರಿಗೆ ಸಮಪಾಲು ಎಥಿಲೀನ್ ಗ್ಲೈಕಾಲ್ ಬೆರೆತಾಗ, ಮುಚ್ಚಳವು ಇನ್ನೊಂದು ವಾಯುಭಾರದಷ್ಟು ಒತ್ತಡವನ್ನು ಒಳಗೆ ಹಿಡಿದಾಗ, ಆ ಮಿಶ್ರಣವು 125 ಡಿಗ್ರಿ ದಾಟುವವರೆಗೆ ಕುದಿಯಲೊಲ್ಲದು. ಆದರೆ 110 ದಾಟಿತೆಂದರೆ ಮೀಮಾಂಸೆಯನ್ನು ಬಿಟ್ಟು ಗಾಡಿಯನ್ನು ಪಕ್ಕಕ್ಕೆ ಹಾಕುವುದೇ ಧರ್ಮ. ಹೆಡ್ ಗ್ಯಾಸ್ಕೆಟ್ ಸುಟ್ಟ ಮೇಲೆ ನಡೆಯುವ ವಾದವೆಲ್ಲ ಮೆಕ್ಯಾನಿಕನ ಬಿಲ್ಲಿನ ಮೇಲಿನದು.

ಪ್ರಯೋಜನ

ಆಚಾರ್ಯನನ್ನು ಶಿಷ್ಯನು ಗೌರವಿಸಬೇಕೆಂದ ಅಶೋಕನ ಆಜ್ಞೆ ಡ್ರೈವರ್ ಕ್ಲೀನರರಿಗೂ ಅನ್ವಯಿಸುವುದು ನಿಜವೇ ಆದರೂ, ಮುಳ್ಳು ಮೇಲಕ್ಕೆ ಹೊರಟಿದೆಯೆಂದ ಶಿಷ್ಯನ ಮಾತನ್ನು ಆಚಾರ್ಯನು ಒಮ್ಮೆ ಕೇಳುವುದು ಆ ಆಜ್ಞೆಗೆ ವಿರುದ್ಧವಲ್ಲ. ಗಾಡಿಯ ಪುಸ್ತಕದಲ್ಲಿ ಹೇಳಿದ ಕೂಲಂಟನ್ನೇ ಹಾಕಿ. ಥರ್ಮೋಸ್ಟಾಟನ್ನು ಅದರ ಪಾಡಿಗೆ ಬಿಡಿ. ವಾರಕ್ಕೊಮ್ಮೆ ಇಂಜಿನ್ ತಣ್ಣಗಿರುವಾಗ ಮಟ್ಟ ನೋಡಿ. ಬಿಸಿಯಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳವನ್ನು ಯಾರ ಮಾತು ಕೇಳಿಯೂ ತೆಗೆಯಬೇಡಿ: ಒತ್ತಡ ಸಡಿಲಿದ ಕ್ಷಣವೇ ಒಳಗಿನ ದ್ರವವು ಕುದಿದು ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಯಾದರೂ ಕಾಯಿರಿ. ಈರುಳ್ಳಿ ಅಷ್ಟರಲ್ಲಿ ಕೊಳೆಯುವುದಿಲ್ಲ.