ದೂರ ಹೊರಟ್ರಾ?

ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಮುಗಿಯಿತು: ಮೆಟ್ಟಿದ ಚಪ್ಪಲಿ ಬಿಟ್ಟು, ಒಳಗೆ ಬಂದು ಒಂದು ಲೋಟ ನೀರು ಕುಡಿದು, ಐದು ನಿಮಿಷ ಜಗಲಿ ಮೇಲೆ ಕೂತು ಮತ್ತೆ ಹೊರಡುವ ಹಿರಿಯರು ನಮ್ಮ ನಾಗಮಂಗಲದ ಕಡೆ ಈಗಲೂ ಇದ್ದಾರೆ. ನಾಲಿಗೆ ತಡೆಯದೇ ಹೋದರೆ ‘ದೂರ ಹೊರಟ್ರಾ?’ ಅನ್ನಬೇಕು. ‘ಇಲ್ಲೇ, ಹಿಂಗೇ’ ಎಂಬುದು ಅದರ ಉತ್ತರ. ಆ ‘ಇಲ್ಲೇ’ ಬೆಳ್ಳೂರು ಕ್ರಾಸೂ ಆಗಬಹುದು, ಬೊಂಬಾಯಿಯೂ ಆಗಬಹುದು. ಕೇಳಿದವರ ಮರ್ಯಾದೆಯೂ ಉಳಿಯಿತು, ಹೇಳಿದವರ ಗುಟ್ಟೂ ಉಳಿಯಿತು.

ಹಾಗಂತ ನಮ್ಮವರಿಗೆ ಕುತೂಹಲ ಕಡಮೆ ಅಂದುಕೊಳ್ಳಬೇಡಿ. ಕೈಲಿ ಬಟ್ಟೆ ಚೀಲವಿದ್ದರೆ ಸಂತೆ, ಕಂಕುಳಲ್ಲಿ ಕಾಗದದ ಕವರಿದ್ದರೆ ತಾಲ್ಲೂಕು ಕಚೇರಿ, ಎರಡೂ ಇಲ್ಲದೆ ತಲೆಗೆ ಎಣ್ಣೆ ಹಾಕಿ ಬಾಚಿದ್ದರೆ ಹೆಣ್ಣು ನೋಡುವ ಶಾಸ್ತ್ರ. ಸಂಜೆಯೊಳಗೆ ಎಲ್ಲ ತೀರ್ಮಾನವಾಗಿರುತ್ತದೆ. ಆದರೆ ಈ ಪತ್ತೇದಾರರು ಅರಳೀಕಟ್ಟೆ ಮೇಲೆ ಕಣ್ಣಿಗೆ ಕಾಣುವಂತೆ ಕೂತಿರುತ್ತಾರೆ. ಬೇಡವೆನಿಸಿದರೆ ಹಿತ್ತಲ ಓಣಿ ಹಿಡಿಯಬಹುದು. ಮೇಲಾಗಿ ನಾವು ಅವರ ಸುದ್ದಿಯನ್ನೂ ಇಟ್ಟುಕೊಂಡಿರುತ್ತೇವಲ್ಲ, ಲೆಕ್ಕ ಸಮ.

ಅಮಾವಾಸ್ಯೆ ಬಂತೆಂದರೆ ಆದಿಚುಂಚನಗಿರಿಗೆ ಜನ ಹರಿದು ಬರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲಂತೂ ಸೊನ್ನೆ ರೂಪಾಯಿ ಟಿಕೇಟನ್ನು ಬಳೆಗೆ ಸಿಕ್ಕಿಸಿಕೊಂಡ ಹೆಂಗಸರಿಂದ ಬಸ್ಸು ಗಿಜಿಗಿಜಿ. ನಮ್ಮ ದೊಡ್ಡವ್ವನೂ ತಪ್ಪಿಸುವುದಿಲ್ಲ. ಪೀಣ್ಯದಲ್ಲಿರುವ ಮಗ ಅವಳಿಗೆ ಒಂದು ಫೋನು ಕೊಡಿಸಿ, ಗೂಗಲ್ ಮ್ಯಾಪಿನಲ್ಲಿ ಅವಳಿರುವ ಜಾಗ ತನಗೆ ಸದಾ ಕಾಣುವಂತೆ ಮಾಡಿಟ್ಟಿದ್ದ. ಅವಳಿಗೆ ಹೇಳಿರಲಿಲ್ಲ. ಒಳ್ಳೆಯ ಮಗ, ವಯಸ್ಸಾದ ತಾಯಿ ನೂಕುನುಗ್ಗಲಲ್ಲಿ ಕಳೆದುಹೋದರೆ ಎಂಬ ಭಯ ಅವನದು.

ದೊಡ್ಡವ್ವ ಕಾಲಭೈರವೇಶ್ವರನ ದರ್ಶನದ ಸಾಲಿನಲ್ಲಿ ನಿಂತಿದ್ದಾಗ ಫೋನು ಬಂತು.

‘ಅವ್ವಾ, ಕಾಡೊಳಗ್ ಯಾಕವ್ವ ಹೋದೆ?’

‘ಯಾವ್ ಕಾಡ್ಲಾ? ದೇವಸ್ಥಾನದಾಗ್ ನಿಂತಿವ್ನಿ.’

‘ಇಲ್ಲಿ ನವಿಲುಧಾಮದ ಒಳಗ್ ತೋರುಸ್ತಾ ಐತಲ್ಲವ್ವ!’

ಚುಂಚನಗಿರಿಯ ಸುತ್ತಿನ ಕಾಡು 1981ರಿಂದ ನವಿಲುಧಾಮ. ಹೆಬ್ಬಂಡೆಗಳ ನಡುವೆ ಸಿಗ್ನಲ್ ಅಡ್ಡಾದಿಡ್ಡಿಯಾಗಿ, ಪರದೆಯ ಮೇಲಿನ ನೀಲಿ ಚುಕ್ಕಿ ದೊಡ್ಡವ್ವನನ್ನು ಎತ್ತಿ ನವಿಲುಗಳ ನಡುವೆ ಇಳಿಸಿತ್ತು. ಅವಳಿಗೆ ನಗು ಬಂತಂತೆ. ಆಮೇಲೆ, ‘ಇವನಿಗೆ ಯಂಗ್ ಗೊತ್ತಾಯ್ತು?’ ಎಂದು ಹೊಳೆದಾಗ ನಗು ನಿಂತಿತಂತೆ.

ಇದರಲ್ಲಿ ಉಪಗ್ರಹದ್ದೇನೂ ತಪ್ಪಿಲ್ಲ. ಹಾಸನದಲ್ಲಿ ಇಸ್ರೋದ ನಿಯಂತ್ರಣ ಕೇಂದ್ರ ಇರುವುದರಿಂದಲೋ ಏನೋ, ಮೇಲಿನಿಂದ ಯಾರೋ ನಮ್ಮನ್ನೇ ನೋಡುತ್ತಿದ್ದಾರೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಿಜದಲ್ಲಿ ಜಿಪಿಎಸ್ ಉಪಗ್ರಹ ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಿಂದ ಸಕ್ಕರೆ ಕಾರ್ಖಾನೆಯ ಸೈರನ್ನಿನ ಹಾಗೆ ಹೊತ್ತು ಸಾರುತ್ತದೆ, ಅಷ್ಟೆ. ಕೇಳಿಸಿಕೊಂಡವರು ಯಾರು ಎಂಬುದು ಅದಕ್ಕೆ ಗೊತ್ತಿಲ್ಲ. ಕನಿಷ್ಠ ನಾಲ್ಕು ಉಪಗ್ರಹಗಳ ಕೂಗು ಕೇಳಿ, ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕುವುದು ನಮ್ಮ ಫೋನೇ. ಟವರು, ವೈಫೈಗಳೂ ಕೈಜೋಡಿಸುತ್ತವೆ. ಚಾಡಿ ಶುರುವಾಗುವುದು ಆಮೇಲೆ. ಅಮೆರಿಕದಲ್ಲಿ ಬರೀ ಟಾರ್ಚ್ ಹೊತ್ತಿಸುವ ಒಂದು ಆ್ಯಪ್, ಬಳಸುವವರಿಗೆ ಸರಿಯಾಗಿ ತಿಳಿಸದೆಯೇ ಅವರಿರುವ ಜಾಗವನ್ನು ಜಾಹೀರಾತಿನವರಿಗೆ ದಾಟಿಸುತ್ತಿದ್ದುದಕ್ಕೆ 2013ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕೈಗೆ ಸಿಕ್ಕಿಬಿತ್ತು. ಕರೆಂಟು ಹೋದಾಗ ಬೆಳಕು ಕೊಡುವವನಿಗೆ ನಾನು ಯಾವ ಕೋಣೆಯಲ್ಲಿದ್ದೇನೆ ಎಂಬುದು ಯಾಕೆ ಬೇಕೋ.

ಜಾಗ ತೋರಿಸುವ ಪಾಠವನ್ನು ನಮಗೆ ಕಲಿಸಿದ್ದು ಕೊರೋನಾ. 2020ರ ಮಾರ್ಚ್ 30ರಂದು ನಮ್ಮ ಸರ್ಕಾರ ಒಂದು ಅಪ್ಪಣೆ ಹೊರಡಿಸಿತು. ಮನೆಯಲ್ಲಿ ಕ್ವಾರಂಟೈನ್ ಆದವರೆಲ್ಲ ‘ಕ್ವಾರಂಟೈನ್ ವಾಚ್’ ಎಂಬ ಆ್ಯಪಿನಲ್ಲಿ ಗಂಟೆಗೊಂದು ಸೆಲ್ಫಿ ಕಳಿಸಬೇಕು. ಚಿತ್ರದ ಜೊತೆ ಜಾಗದ ಗುರುತೂ ಹೋಗುತ್ತದೆ. ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ಮಾತ್ರ ವಿನಾಯಿತಿ. ಸರ್ಕಾರ ಪ್ರಜೆಯ ನಿದ್ದೆಗೆ ಮರ್ಯಾದೆ ಕೊಟ್ಟಿತು, ಸ್ನಾನಕ್ಕೆ ಕೊಡಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ, ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡಿದ್ದ ಕೆ.ಆರ್. ಪೇಟೆ, ನಾಗಮಂಗಲದ ಜನ ಊರಿಗೆ ಮರಳಿದಾಗ ಮಂಡ್ಯ ಜಿಲ್ಲೆ ದಿನಾ ಟಿವಿಯಲ್ಲಿ. ರೋಗಿಯ ಹೆಸರು ಹೇಳುವಂತಿರಲಿಲ್ಲ, ಬರೀ ಪಿ ಅಕ್ಷರದ ಮುಂದೊಂದು ನಂಬರು. ಆದರೆ ಜೊತೆಯಲ್ಲೇ ‘ಟ್ರಾವೆಲ್ ಹಿಸ್ಟರಿ’ ಬರುತ್ತಿತ್ತು: ಇಂಥ ಊರು, ಇಷ್ಟು ವಯಸ್ಸು, ಮುಂಬಯಿಯಿಂದ ವಾಪಸ್. ಅರಳೀಕಟ್ಟೆಗೆ ಅಷ್ಟು ಸಾಕು. ಟೀ ಆರುವುದರೊಳಗೆ ಆ ನಂಬರಿನ ಹೆಸರು, ಮನೆತನ, ಬೀದಿಯ ಎಷ್ಟನೇ ಬಾಗಿಲು ಎಂಬುದೆಲ್ಲ ಹೊರಬೀಳುತ್ತಿತ್ತು. ರೋಗ ವಾಸಿಯಾದ ಮೇಲೂ ಆ ಬಾಗಿಲಿಗೆ ಹಾಲಿನವನು ಹೋಗುತ್ತಿರಲಿಲ್ಲ.

ನ್ಯಾಯಾಲಯದ ಕಡೆಯಿಂದ ಈ ವಿಷಯದಲ್ಲಿ ನಮಗೊಂದು ಹೆಮ್ಮೆಯಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರಲ್ಲ, ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಮೊಮ್ಮಕ್ಕಳಿಗೆ ಪಾಸ್‌ವರ್ಡ್ ಹೇಳಿ ನಿಶ್ಚಿಂತೆಯಿಂದ ಕೂರುವ ವಯಸ್ಸು! 2024ರ ಜುಲೈನಲ್ಲಿ ಇನ್ನೊಂದು ತೀರ್ಪು ಬಂತು. ಮಾದಕ ವಸ್ತುವಿನ ಮೊಕದ್ದಮೆಯಲ್ಲಿ ಸಿಕ್ಕ ನೈಜೀರಿಯಾದ ಫ್ರಾಂಕ್ ವೈಟಸ್ ಎಂಬಾತನಿಗೆ ಜಾಮೀನು ಕೊಡುವಾಗ, ಗೂಗಲ್ ಮ್ಯಾಪಿನಲ್ಲಿ ಪಿನ್ ಹಾಕಿ ತನಿಖಾಧಿಕಾರಿಗೆ ಜಾಗ ತೋರಿಸಬೇಕೆಂಬ ಷರತ್ತು ವಿಧಿಸಲಾಗಿತ್ತು. ಹಿಂದೆ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಓಕಾ ಅವರಿದ್ದ ಪೀಠ ಅದನ್ನು ತೆಗೆದುಹಾಕಿತು. ಜಾಮೀನಿನ ಮೇಲಿರುವವನ ಪ್ರತಿ ಚಲನವಲನದಲ್ಲೂ ಪೊಲೀಸರು ಇಣುಕುವಂತಿಲ್ಲ ಎಂದಿತು. ಅಂದರೆ, ಆರೋಪಿಗಿರುವ ಆ ಅನುಕೂಲ ನಮ್ಮ ದೊಡ್ಡವ್ವನಿಗಿರಲಿಲ್ಲ.

ಕಾನೂನು ಅವಳ ನೆರವಿಗೆ ಬರುತ್ತದೆಯೇ ಎಂದರೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಹೇಗಿರಬೇಕೆಂದು ಚೆಂದವಾಗಿ ಹೇಳುತ್ತದೆ: ಒತ್ತಾಯವಿಲ್ಲದೆ, ತಿಳಿದು, ಇಂಥದ್ದಕ್ಕೇ ಎಂದು ಸ್ಪಷ್ಟವಾಗಿ ಕೊಟ್ಟದ್ದಾಗಿರಬೇಕು. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತದ ಇಲ್ಲವೇ ಮನೆಯ ಉದ್ದೇಶಕ್ಕೆ ಮಾಡುವ ಕೆಲಸಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಹೊಸ್ತಿಲಾಚೆ ಕಂಪನಿಗಳನ್ನು ತಡೆದು, ಹೊಸ್ತಿಲೀಚೆ ಬರುವಾಗ ಚಪ್ಪಲಿ ಬಿಟ್ಟಂತೆ ತನ್ನ ಅಧಿಕಾರವನ್ನೂ ಬಿಟ್ಟಿದೆ.

ಹೊಸ್ತಿಲೀಚೆಯೇ ಅಪಾಯ ಹೆಚ್ಚು. ನಮ್ಮ ಬಂಧುಗಳ ಪೈಕಿ ಒಬ್ಬ ಹೆಣ್ಣುಮಗಳಿಗೆ ಗಂಡ ಹೊಸ ಫೋನು ಕೊಡಿಸಿದ. ತನ್ನದೇ ಅಕೌಂಟ್ ಹಾಕಿ ಕೊಡಿಸಿದ್ದ. ಅವಳು ಪಾಂಡವಪುರದ ಆಸ್ಪತ್ರೆಗೆ ಹೋದರೂ, ಅಲ್ಲಿಂದ ತವರಿಗೆ ಹೋಗಿ ಒಂದು ಗಳಿಗೆ ಕೂತು ಬಂದರೂ ಸಂಜೆ ಅವನ ಬಾಯಲ್ಲಿ ನಿಮಿಷವಾರು ಲೆಕ್ಕ. ಅವನು ಎಲ್ಲಿಗೆ ಹೋಗಿದ್ದೆ ಎಂದು ಕೇಳುತ್ತಲೇ ಇರಲಿಲ್ಲ, ಹೇಳುತ್ತಿದ್ದ. ಆಫ್ ಮಾಡಿಬಿಡು ಎಂದು ನಾವು ಸುಲಭವಾಗಿ ಅಂದೆವು. ಅವಳ ತಂಗಿ ನಮಗಿಂತ ಬುದ್ಧಿವಂತೆ: ‘ಚುಕ್ಕಿ ಇದ್ದಕ್ಕಿದ್ದಂಗೆ ಮಾಯ ಆದ್ರೆ ಅವತ್ತು ರಾತ್ರಿ ಅಕ್ಕನ ಗತಿ ಏನು?’ ಎಂದಳು. ಮೊದಲು ಅವಳು ಇರಲು ಒಂದು ಜಾಗ, ಜೊತೆಗೆ ನಿಲ್ಲುವವರು ಗೊತ್ತಾದ ಮೇಲೆಯೇ ಫೋನಿನ ಗುಂಡಿ ಮುಟ್ಟಿದ್ದು. ತವರಿಗೆ ಹೋಗುವಾಗ ಫೋನನ್ನು ಮನೆಯ ಅಕ್ಕಿ ಡಬ್ಬದ ಮೇಲೆ ಬಿಟ್ಟು ಹೋಗುವುದನ್ನು ಅಷ್ಟರಲ್ಲಿ ಅವಳು ಕಲಿತಿದ್ದಳು.

ದೊಡ್ಡವ್ವನ ಮನೆಯಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಮಗ ಊರಿಗೆ ಬಂದಾಗ ಅವಳು ನೇರವಾಗಿ ವಿಚಾರಣೆ ನಡೆಸಿದಳು.

‘ಭೈರವನೂ ಎಲ್ಲಾ ನೋಡ್ತಾನೆ ಕಣ್ಲಾ. ಯಾರ್ಗಾದ್ರೂ ಫೋನ್ ಮಾಡಿ ಹೇಳವ್ನಾ?’

ಮಗ ತಲೆ ಕೆರೆದುಕೊಂಡ. ಕೊನೆಗೆ ಮೊಮ್ಮಗಳ ಮಧ್ಯಸ್ಥಿಕೆಯಲ್ಲಿ ರಾಜಿಯಾಯಿತು. ಗೂಗಲ್‌ನದು ಬಂದ್, ವಾಟ್ಸ್ಆ್ಯಪಿನಲ್ಲಿ ಹದಿನೈದು ನಿಮಿಷ, ಒಂದು ಗಂಟೆ, ಎಂಟು ಗಂಟೆ ಎಂದು ಮೂರೇ ಆಯ್ಕೆ ಇರುವುದರಿಂದ, ಅಮಾವಾಸ್ಯೆಯ ದಿನ ಮಾತ್ರ ಎಂಟು ಗಂಟೆ, ಅದೂ ಅವಳೇ ಕಳಿಸಿದರೆ. ಅವಳ ಕಡೆಯಿಂದ ಒಂದೇ ಷರತ್ತು: ಆ ಎಂಟು ಗಂಟೆ ಮಗನೂ ತನ್ನದನ್ನು ತೋರಿಸಬೇಕು.

ಹೋದ ಅಮಾವಾಸ್ಯೆ ಬೆಟ್ಟದಿಂದಲೇ ಅವಳು ಮಗನಿಗೆ ಫೋನು ಹಚ್ಚಿದಳು.

‘ಎಲ್ಲಿದ್ದೀಯಪ್ಪಾ?’

‘ಫ್ಯಾಕ್ಟ್ರೀಲವ್ವ, ಕೆಲಸ.’

‘ಪೀಣ್ಯದ ಫ್ಯಾಕ್ಟ್ರಿ ಬಿಡದಿಗ್ ಯಾವಾಗ್ ಬಂತ್ಲಾ? ಇಲ್ಲಿ ತಟ್ಟೆ ಇಡ್ಲಿ ಹೋಟ್ಲು ಅಂತ ತೋರುಸ್ತೈತಲ್ಲ!’

ಎಂಟು ಗಂಟೆ ಹಾಕಿದರೆ ಬ್ಯಾಟರಿ ತುಂಬ ತಿನ್ನುತ್ತದೆ, ಇನ್ನು ಮುಂದೆ ಇಬ್ಬರಿಗೂ ಹದಿನೈದು ನಿಮಿಷ ಸಾಕು ಎಂದು ಮಗನೇ ಈಗ ಹೇಳುತ್ತಿದ್ದಾನಂತೆ.