ಗಲ್ಲಾನಿರ್ಗಮನ ಮೀಮಾಂಸೆ

(ಮಂಗಳೂರಿನ ಬಲ್ಮಠ ಪರಿಸರದ ಸಣ್ಣ ಧಣಿಗಳ ಹಿತಕ್ಕಾಗಿ ರಚಿಸಿದ ಕಿರುಶಾಸ್ತ್ರ)

ಅಥಾತೋ ಗಲ್ಲಾಜಿಜ್ಞಾಸಾ. ಇನ್ನು ಮುಂದೆ ಗಲ್ಲಾಪೆಟ್ಟಿಗೆಯ ವಿಚಾರ. ‘ಇನ್ನು ಮುಂದೆ’ ಎಂದರೆ ಯಾವಾಗಿನಿಂದ ಎಂದು ಪೂರ್ವಪಕ್ಷಿ ಕೇಳುತ್ತಾನೆ. ಧಣಿಗೆ ಡಾಕ್ಟರು “ಬಿ.ಪಿ. ಉಂಟು, ಸ್ವಲ್ಪ ರೆಸ್ಟ್ ಮಾಡಿ” ಎಂದ ದಿನದಿಂದ ಎಂದು ಸಿದ್ಧಾಂತ. ಅದಕ್ಕೆ ಮೊದಲು ಈ ಜಿಜ್ಞಾಸೆ ಯಾವ ಧಣಿಗೂ ಹುಟ್ಟಿದ್ದಿಲ್ಲ.

ಪ್ರಶ್ನೆ ಇಷ್ಟೆ: ಧಣಿ ಇಲ್ಲದೆ ಅಂಗಡಿ ನಡೆದೀತೆ? ಅಧ್ಯಯನದ ಕ್ಷೇತ್ರ, ಕಲೆಕ್ಟರ್ಸ್ ಗೇಟಿನಿಂದ ಜ್ಯೋತಿಯವರೆಗಿನ ರಸ್ತೆ. (ಪಾಲಿಕೆಯ ಬೋರ್ಡಿನಲ್ಲಿ ಅದು ಅಂಬೇಡ್ಕರ್ ವೃತ್ತ, ಬಸ್ಸಿನ ಕಂಡಕ್ಟರನ ಬಾಯಲ್ಲಿ ಇನ್ನೂ ಜ್ಯೋತಿ.) ಮೊದಲು ಲಕ್ಷಣ ಹೇಳಬೇಕು. ಧಣಿ ಎಂದರೆ ಯಾರು? ಬಂಡವಾಳ ಹಾಕಿದವನು ಎಂದರೆ ಅತಿವ್ಯಾಪ್ತಿ ದೋಷ, ಏಕೆಂದರೆ ಬ್ಯಾಂಕೂ ಹಾಕಿರುತ್ತದೆ. ಲಾಭ ಪಡೆಯುವವನು ಎಂದರೆ ಅವ್ಯಾಪ್ತಿ, ಏಕೆಂದರೆ ಎಷ್ಟೋ ಧಣಿಗಳಿಗೆ ಅದು ಸಿಗುವುದಿಲ್ಲ. ಯಾರು ಹೊರಗೆ ಹೋದಾಗ ಅಂಗಡಿಯ ಎಲ್ಲ ಪ್ರಶ್ನೆಗೂ “ಅವರು ಬರ್ಲಿ ಮಾರಾಯ್ರೆ” ಎಂಬ ಒಂದೇ ಉತ್ತರ ಸಿಗುತ್ತದೋ ಅವನೇ ಧಣಿ. ಈ ಲಕ್ಷಣಕ್ಕೆ ದೋಷವಿಲ್ಲ.

ದೃಷ್ಟಾಂತಕ್ಕೆ ಒಂದು ಹೋಟೆಲನ್ನು ಕಲ್ಪಿಸಿಕೊಳ್ಳೋಣ. ಧಣಿಗೆ ಭಟ್ರು ಎಂದು ಹೆಸರಿಡೋಣ, ಇಡದಿದ್ದರೂ ಜನ ಹಾಗೆಯೇ ಕರೆಯುತ್ತಾರೆ. ಬೆಳಿಗ್ಗೆ ಐದಕ್ಕೆ ಶಟರ್ ಎತ್ತುವವರು ಭಟ್ರು, ರಾತ್ರಿ ಎಳೆಯುವವರೂ ಭಟ್ರು. ಸಾಂಬಾರಿಗೆ ಉಪ್ಪು ಎಷ್ಟು? “ಭಟ್ರು ನೋಡ್ತಾರೆ.” ಹಾಲಿನವನಿಗೆ ದುಡ್ಡು? “ಭಟ್ರು ಕೊಡ್ತಾರೆ.” ಬನ್ಸಿನ ಹಿಟ್ಟಿಗೆ ಎಷ್ಟು ಬಾಳೆಹಣ್ಣು? “ಹಣ್ಣು ನೋಡಿ ಭಟ್ರು ಹೇಳ್ತಾರೆ.” ಕಚೇರಿಯ ಆ ಗುಮಾಸ್ತರ ಬಾಕಿ ಎಷ್ಟು? “ಅದು ಭಟ್ರ ತಲೆಯಲ್ಲಿ ಉಂಟು.” ಈ ತಲೆ ಒಂದು ಅಪೂರ್ವ ಹಸ್ತಪ್ರತಿ ಭಂಡಾರ. ಇದರ ನಕಲು ಬೇರೆಲ್ಲಿಯೂ ಇಲ್ಲ. ಭಂಡಾರಕ್ಕೆ ದಿನಕ್ಕೆರಡು ಬಿ.ಪಿ. ಮಾತ್ರೆಯ ರಕ್ಷಣೆ.

ಭಟ್ರು ಹೊರಗೆ ಹೋಗುವುದೇ ಇಲ್ಲ ಎಂದಲ್ಲ. ಆದರೆ ಅನುಪಸ್ಥಿತಿಯಲ್ಲಿ ತಾರತಮ್ಯವಿದೆ. ಮಧ್ಯಾಹ್ನದ ನಿದ್ದೆ ಅಧಮ. ನೆಂಟರ ಮದುವೆ ಮಧ್ಯಮ: ದೇಹ ಊಟದ ಪಂಕ್ತಿಯಲ್ಲಿ, ಕಿವಿ ಫೋನಿನಲ್ಲಿ. ಕಾಶಿಯಾತ್ರೆ ಉತ್ತಮವೆಂದು ಹಿಂದಿನವರು ತಿಳಿದಿದ್ದರು. ಸಿಸಿ ಕ್ಯಾಮರಾ ಬಂದ ಮೇಲೆ ಅದೂ ಕೆಟ್ಟಿತು. ನಮ್ಮ ಭಟ್ರು ಗಂಗಾರತಿಯ ಹೊತ್ತಿಗೆ ಮೊಬೈಲಿನಲ್ಲಿ ಗ್ರೈಂಡರಿನ ದರ್ಶನ ಪಡೆಯುತ್ತಿದ್ದರು.

ಜ್ಞಾನ ಹುಟ್ಟುವ ದಾರಿಗಳನ್ನು ಪ್ರಮಾಣ ಎನ್ನುತ್ತಾರಲ್ಲ, ದೂರದ ಧಣಿಗೂ ಅವು ಮೂರು. ಕ್ಯಾಮರಾ ಪ್ರತ್ಯಕ್ಷ. ಗ್ಯಾಸ್ ಸಿಲಿಂಡರ್ ಬೇಗ ಖಾಲಿಯಾದರೆ ಗೋಳಿಬಜೆ ಹೆಚ್ಚು ಹೋಗಿರಬೇಕೆಂಬುದು ಅನುಮಾನ. ಗಲ್ಲಾದ ಪಕ್ಕ ಕೂತು “ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ” ಎಂದು ಕೂಗುವ ಪೆಟ್ಟಿಗೆಯೇ ಶಬ್ದಪ್ರಮಾಣ. ಅಪೌರುಷೇಯವಾದ್ದರಿಂದ ಅದರ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ.

ಈಗ ಇತಿಹಾಸ. ಧಣಿ ದೂರವಿದ್ದರೆ ವ್ಯವಹಾರ ಮುಳುಗುತ್ತದೆ ಎಂದು ವಾದಿಸುವವರು ಬಲ್ಮಠದಲ್ಲಿ ನಿಂತು ಹಾಗೆ ಹೇಳಬಾರದು. ಇದೇ ಗುಡ್ಡದ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಷನ್ ಅಚ್ಚುಕೂಟ ನಡೆಸಿತು, ಮಗ್ಗ ಹಾಕಿತು, ಸೆಮಿನರಿ ತೆರೆಯಿತು. ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಧಣಿ, ಅಂದರೆ ಆಡಳಿತ ಸಮಿತಿ, ಇದ್ದದ್ದು ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲು ಕಾಗದ ಹೋಗಿ ಉತ್ತರ ಬರಲು ತಿಂಗಳುಗಳು ಬೇಕಿತ್ತು. ಉಪ್ಪು ಸಾಕೇ ಎಂದು ಬಾಸೆಲಿಗೆ ಬರೆದು ಕೇಳಿದರೆ ಉತ್ತರ ಬರುವವರೆಗೆ ಸಾಂಬಾರು ಕಾಯುವುದಿಲ್ಲ. ಆದ್ದರಿಂದ ಅವರು ಎರಡು ಕೆಲಸ ಮಾಡಿದರು: ಎಲ್ಲವನ್ನೂ ಬರೆದಿಟ್ಟರು, ಎಲ್ಲವನ್ನೂ ಯಾರಾದರೊಬ್ಬರಿಗೆ ಕಲಿಸಿದರು. 1847ರಲ್ಲಿ ಆರಂಭವಾದ ಸೆಮಿನರಿಯೇ ಇಂದಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಮೂಲ. ನಮ್ಮ ಶಾಸ್ತ್ರದ ದೃಷ್ಟಿಯಲ್ಲಿ ಅದು ಗಲ್ಲಾಕ್ಕೆ ಇನ್ನೊಬ್ಬನನ್ನು ತಯಾರು ಮಾಡುವ ಏರ್ಪಾಡು.

ಅಲ್ಲಿಯೂ ವ್ಯತಿರೇಕ ದೃಷ್ಟಾಂತ ಸಿಗುತ್ತದೆ. ಮಿಷನರಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನದು. ಬರೆಯುವವರು, ತಿದ್ದುವವರು, ಓಡಾಡುವವರು ಬಹುಮಟ್ಟಿಗೆ ಅವರೇ. ಮರುವರ್ಷ ಅದು ಬಳ್ಳಾರಿಗೆ ಹೋಗಿ, ‘ಕನ್ನಡ ಸಮಾಚಾರ’ವಾಗಿ, ಬೇಗನೆ ನಿಂತಿತು. ಇದನ್ನು ಭಟ್ರ ಬನ್ಸಿನ ಪಕ್ಕದಲ್ಲಿಡಬಹುದು. ಅದೇ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ಲರ ನಿಘಂಟು ನೋಡಿ. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಆ ಗ್ರಂಥ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬರುವ ಹೊತ್ತಿಗೆ ಕಿಟೆಲ್ ಜರ್ಮನಿಗೆ ಮರಳಿಯಾಗಿತ್ತು. ಧಣಿ ಊರಲ್ಲಿಲ್ಲ, ಮೊಳೆ ಜೋಡಿಸುವವರು ಇದ್ದರು, ಹಸ್ತಪ್ರತಿ ಇತ್ತು, ಅಷ್ಟು ಸಾಕಾಯಿತು. ಎಪ್ಪತ್ತು ಸಾವಿರ ಶಬ್ದಗಳನ್ನು ಕಾಗದಕ್ಕಿಳಿಸಿದವರು ಒಬ್ಬರಿರುವಾಗ, ಉಪ್ಪಿನ ಅಳತೆಯೊಂದನ್ನು ಬರೆದಿಡಲು ಭಟ್ರಿಗೆ ಏನು ಕಷ್ಟ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ.

ಬಲ್ಮಠದ ನೇಯ್ಗೆ ಶಾಲೆಗೆ 1851ರಲ್ಲಿ ಹಾಲರ್ ಎಂಬ ನೇಕಾರ ಬಂದರು. ಖಾಕಿ ಬಣ್ಣ ಹುಟ್ಟಿದ್ದೇ ಅವರ ಕೈಯಲ್ಲಿ ಎಂದು ನಮ್ಮ ಊರಿನವರ ವಾದ. ವಾಯವ್ಯ ಗಡಿಯ ಗೈಡ್ಸ್ ದಳ ಅದಕ್ಕೂ ಮೊದಲೇ ಖಾಕಿ ತೊಟ್ಟಿತ್ತೆಂದು ಪ್ರತಿವಾದಿಗಳು. ವಿವಾದ ನಮಗೆ ಬೇಡ. ಆ ಬಣ್ಣ ಇಂದಿಗೂ ಹಾಲರರನ್ನು ಕೇಳದೆ ಪೊಲೀಸರ ಮೈಮೇಲಿದೆ. 1914ರ ಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಬಂಧನ ಶಿಬಿರಕ್ಕೆ ಕಳಿಸಿದರು. 1865ರಿಂದ ಜೆಪ್ಪುವಿನಲ್ಲಿದ್ದ ಹೆಂಚಿನ ಕಾರ್ಖಾನೆಯೂ ಉಳಿದ ಉದ್ಯಮಗಳೂ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಧಣಿ ಬದಲಾದದ್ದು ಹೆಂಚಿಗೆ ಗೊತ್ತಾಗಲಿಲ್ಲ, ಕೆಂಪಗೇ ಬರುತ್ತಿತ್ತು.

ದೇಶೀಯ ಆಧಾರ ಬೇಕೆನ್ನುವವರಿಗೆ ಅಳಿಯಸಂತಾನವಿದೆ. ಹಡಗು ಕಟ್ಟಿಸಿದ ಅರಸನಿಗೆ ಕುಂಡೋದರನೆಂಬ ಭೂತ ಬಲಿ ಕೇಳಿದಾಗ ಹೆಂಡತಿ ಮಗನನ್ನು ಬಿಟ್ಟುಕೊಡಲಿಲ್ಲ, ತಂಗಿ ತನ್ನ ಮಗನನ್ನು ಕೊಟ್ಟಳು. ಆದ್ದರಿಂದ ಆಸ್ತಿ ಅಳಿಯನಿಗೆ ಎಂದು ಭೂತಾಳ ಪಾಂಡ್ಯನ ಐತಿಹ್ಯ. ಅಂದರೆ ಉತ್ತರಾಧಿಕಾರಿಯ ಅರ್ಹತೆ ಕೆಲಸದ ಕಷ್ಟಕ್ಕೆ ತಲೆ ಕೊಡುವುದು. ಇಂದಿನ ಅಳಿಯ ಬೆಂಗಳೂರಿನಲ್ಲಿದ್ದು “ಮಾವ, ಆನ್‌ಲೈನ್ ಮಾಡಿ” ಎಂದಷ್ಟೇ ಹೇಳುವುದರಿಂದ ಕುಂಡೋದರನಿಗೆ ತೃಪ್ತಿಯಾಗುವುದು ಸಂಶಯ.

ಕಾನೂನು ಇನ್ನೂ ನಿರ್ದಯಿ. ಭಟ್ರ ಹೋಟೆಲು ಪ್ರೊಪ್ರೈಟರ್ ವ್ಯವಹಾರ; ಕಾನೂನಿನ ಕಣ್ಣಿಗೆ ಭಟ್ರೂ ಹೋಟೆಲೂ ಅದ್ವೈತ. ಅವರು ಹೋದರೆ ಅವರ ಪ್ಯಾನಿನ ಮೇಲಿನ ಜಿಎಸ್‌ಟಿ ನೋಂದಣಿಯೂ ಹೋಗುತ್ತದೆ. ವಾರಸುದಾರ ಹೊಸದು ಮಾಡಿಸಬೇಕು. ಪಾಲುದಾರಿಕೆಯೂ, ಬೇರೆ ಕರಾರು ಇಲ್ಲದಿದ್ದರೆ, ಪಾಲುದಾರನ ಮರಣದಿಂದ ಮುರಿಯುತ್ತದೆಂದು 1932ರ ಕಾಯ್ದೆ ಹೇಳುತ್ತದೆ. ಆದರೆ 2013ರ ಕಂಪನಿ ಕಾಯ್ದೆಯ ಒಬ್ಬನದೇ ಕಂಪನಿಯಲ್ಲಿ ಮೊದಲ ದಿನವೇ ಇನ್ನೊಬ್ಬನ ಹೆಸರು, ಅವನ ಒಪ್ಪಿಗೆಯೊಡನೆ, ಬರೆದುಕೊಡಬೇಕು. ನೀವು ಹೋದರೆ ಯಾರು ಎಂದು ಸರಕಾರವೇ ಕೇಳುತ್ತದೆ. ಮನೆಯಲ್ಲಿ ಯಾರೂ ಕೇಳುವ ಧೈರ್ಯ ಮಾಡದ ಪ್ರಶ್ನೆ.

ಹಾಗಾದರೆ ಭಟ್ರು ಯಾಕೆ ಬರೆದುಕೊಡುವುದಿಲ್ಲ? ಇಲ್ಲಿ ಶಾಸ್ತ್ರದ ರಹಸ್ಯವಿದೆ. ಕಾಶಿಯಿಂದ ಮರಳಿದ ಬೆಳಿಗ್ಗೆ ಭಟ್ರು ಸಾಂಬಾರು ರುಚಿ ನೋಡಿದರು. ಸರಿಯಾಗಿತ್ತು. ಲೆಕ್ಕ ನೋಡಿದರು. ಸರಿಯಾಗಿತ್ತು. ಗುಮಾಸ್ತರ ಬಾಕಿಯನ್ನು ಅಡಿಗೆಯವನು ವಸೂಲು ಮಾಡಿದ್ದ. ದಿನವೂ ಬರುವ ಗಿರಾಕಿಯೊಬ್ಬರು “ಎಂತ ಭಟ್ರೆ, ಎಲ್ಲಿಗಾದರೂ ಹೋಗಿದ್ರಾ?” ಎಂದರು. ಭಟ್ರ ಮುಖ ಬಾಡಿತು. ಮಧ್ಯಾಹ್ನದೊಳಗೆ ಕೊತ್ತಂಬರಿ ಜಾಸ್ತಿ ಹಾಕುತ್ತಿದ್ದೀರಿ ಎಂದು ಜಗಳ ತೆಗೆದು, ಬೀಗದ ಕೈ ವಾಪಸು ತೆಗೆದುಕೊಂಡು, ಗಲ್ಲಾದಲ್ಲಿ ಕೂತು ಗುಣವಾದರು. ತಾನಿಲ್ಲದೆ ನಿಂತುಹೋಗುವ ಅಂಗಡಿಯ ಮೇಲೆ ಧಣಿಗಿರುವ ಪ್ರೀತಿ, ತಾನಿಲ್ಲದೆ ನಡೆಯುವ ಅಂಗಡಿಯ ಮೇಲಿಲ್ಲ. ಆದ್ದರಿಂದ ಚಿಕಿತ್ಸೆ ಅಂಗಡಿಗಲ್ಲ.

ಓದುಗರಲ್ಲಿ ಧಣಿಗಳಿದ್ದರೆ ವಿನಂತಿ: ಬರುವ ಸೋಮವಾರ ಬೀಗದ ಕೈಯನ್ನು ಹಳೆಯ ಕೆಲಸದವನ ಕೈಗಿತ್ತು, ಉಪ್ಪಿನ ಅಳತೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಮನೆಯಲ್ಲೇ ಇರಿ. ಕ್ಯಾಮರಾ ನೋಡಬೇಡಿ, ಫೋನ್ ಮಾಡಬೇಡಿ. ಮಂಗಳವಾರ ಎಲ್ಲವೂ ಸರಿಯಿದ್ದರೆ ದಯವಿಟ್ಟು ಕೊತ್ತಂಬರಿಯ ಮಾತು ಎತ್ತಬೇಡಿ.