ಚಿಲ್ಲೈ ಪರಿವಾರದ ಆತಿಥ್ಯ

ಕಾಶ್ಮೀರದ ಹಳ್ಳಿಗಳಿಗೆ ಚಳಿಗಾಲವು ಬೀಡುಬಿಡಲು ಬರುವ ಬೀಗರ ಪರಿವಾರದಂತೆ ದಯಮಾಡಿಸುತ್ತದೆ. ಡಿಸೆಂಬರ್ 21ರಂದು ಆಗಮಿಸುವ ಹಿರಿಯ ಚಿಲ್ಲೈ ಕಲಾನ್ 40 ದಿನ, ಅವನ ಬೆನ್ನಿಗೇ ಕಿರಿಯ ಚಿಲ್ಲೈ ಖುರ್ದ್ 20 ದಿನ, ಕಡೆಗೆ ಶಿಶುವಾದ ಚಿಲ್ಲೈ ಬಚ್ಚಾ 10 ದಿನ ಠಿಕಾಣಿ ಹೂಡಿ, ನಲ್ಲಿಯ ನೀರನ್ನೂ ಹೆಪ್ಪುಗಟ್ಟಿಸುವರು. ಈ ಭೀತಿಯಿಂದಲೇ ಗೃಹಿಣಿಯರು ಗ್ರೀಷ್ಮದಲ್ಲಿಯೇ ಸೋರೆ, ಬದನೆಗಳನ್ನು ಬಿಸಿಲಿಗೊಡ್ಡಿ ಒಣಗಿಸಿಡುವರು. ಶರತ್ಕಾಲದಲ್ಲಿ ಚಿನಾರ್ ವೃಕ್ಷಗಳು ಕೆಂಪೇರಿ ಉದುರಿಸಿದ ಪರ್ಣರಾಶಿಯನ್ನು, ಕವಿಗಳು ವರ್ಣಿಸಿ ಮುಗಿಸುವುದರೊಳಗೆ, ಗುಡಿಸಿ ಸುಟ್ಟು ಇದ್ದಿಲು ಮಾಡುವರು. ಆ ಇದ್ದಿಲಿನ ಕೆಂಡವನ್ನು ಕಾಂಗ್ರಿಯೆಂಬ ಹೆಣೆದ ಬುಟ್ಟಿಯ ಮಡಕೆಯಲ್ಲಿ ತುಂಬಿ, ಫೆರನ್ ಎಂಬ ನಿಲುವಂಗಿಯೊಳಗೆ ಅವಚಿಕೊಂಡು ನಡೆವಾಗ ಕೃಶಾಂಗನಿಗೂ ಸಾಹುಕಾರನ ಹೊಟ್ಟೆ ಪ್ರಾಪ್ತವಾಗುವುದು. ವಸಂತದಲ್ಲಿ ಬಾದಾಮಿ ಹೂಬಿಟ್ಟೊಡನೆ, ಚಳಿಯನ್ನು ಶಪಿಸಿದ ಮಹನೀಯರೇ, ಈ ಸಲ ಹಿಮ ಸಾಲದು, ಗದ್ದೆಗೆ ನೀರೆಲ್ಲಿಯದೆಂದು ಗೊಣಗುವರು. ಆ ಗೊಣಗಾಟಕ್ಕೆ ಮಾತ್ರ ಋತುಭೇದವಿಲ್ಲ.